ಕಾರಂಜಾ ದಂಡೆಯ ಕ್ಯಾಮೆರಾ, ಪರೀಕ್ಷಕರ ಪ್ರಶ್ನೆಗಳು

ನೀರಿನೊಳಗಿನ ಜೀವಿಗಳ ಚಿತ್ರ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಬೇಕೆಂದು ನಮ್ಮ ಭಾಗದ ಕಾಲೇಜುಗಳಿಂದ ಬರುವ ಕರಡುಗಳಲ್ಲಿ ಕ್ಯಾಮೆರಾದ ವರ್ಣನೆ ಪುಟಗಟ್ಟಲೆ ಇರುತ್ತದೆ, ಕಂಪ್ಯೂಟರ್ ಪ್ರೋಗ್ರಾಮಿನ ವರ್ಣನೆ ಅದಕ್ಕೂ ಹೆಚ್ಚು ಇರುತ್ತದೆ, ನೀರಿನ ಬಗ್ಗೆ ಮಾತ್ರ ಒಂದೆರಡು ಸಾಲು ಇರುತ್ತವೆ. ಪೇಟೆಂಟ್ ಕಚೇರಿಯ ಪರೀಕ್ಷೆಯ ಹಂತಕ್ಕೆ ಬಂದಾಗ ಅರ್ಜಿಯನ್ನು ಉಳಿಸುವುದು ಆ ಒಂದೆರಡು ಸಾಲುಗಳೇ ಎಂಬುದು ಕಲಬುರಗಿಯಲ್ಲಿ ಕುಳಿತು ಪೇಟೆಂಟ್ ಏಜೆಂಟನ ಕೆಲಸ ಮಾಡುವ ನನ್ನ ಅಭಿಪ್ರಾಯ. ಇದನ್ನು ಒಂದು ಅರ್ಜಿಯ ಉದಾಹರಣೆಯಿಂದ ವಿವರಿಸುತ್ತೇನೆ. ಅರ್ಜಿ ಈಗಾಗಲೇ ಪ್ರಕಟವಾಗಿರುವುದರಿಂದ ಯಂತ್ರದ ವಿವರ ಬರೆಯಲು ಅಡ್ಡಿಯಿಲ್ಲ. ಅರ್ಜಿದಾರರ ಹೆಸರು ಇಲ್ಲಿ ಅನಗತ್ಯ.

ಬೀದರ್ ಜಿಲ್ಲೆಯ ಇಬ್ಬರು ಎಂಜಿನಿಯರಿಂಗ್ ಅಧ್ಯಾಪಕರು ಮತ್ತು ಭಾಲ್ಕಿ ಕಡೆಯ ಒಬ್ಬ ಮೀನು ಸಾಕಣೆದಾರರು ಸೇರಿ ಮೀನುಮರಿಗಳನ್ನು ಎಣಿಸಿ ಅವುಗಳ ಉದ್ದ ಅಳೆಯುವ ಯಂತ್ರವೊಂದನ್ನು ಕಟ್ಟಿದ್ದಾರೆ. ಮಳೆಗಾಲದಲ್ಲಿ ಕಾರಂಜಾ ಜಲಾಶಯಕ್ಕೂ ಸುತ್ತಲಿನ ಕೆರೆಗಳಿಗೂ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವಾಗ ಇಂದಿಗೂ ಲೋಟದ ಲೆಕ್ಕವೇ ನಡೆಯುತ್ತದೆ. ತೂತಿರುವ ಲೋಟದಲ್ಲಿ ಮರಿಗಳನ್ನು ಮೊಗೆದು, ಒಂದೆರಡು ಲೋಟದಲ್ಲಿರುವುದನ್ನು ಎಣಿಸಿ, ಉಳಿದದ್ದನ್ನು ಗುಣಿಸಿಬಿಡುತ್ತಾರೆ. ಕೊಳ್ಳುವವರಿಗೂ ಮಾರುವವರಿಗೂ ಈ ಲೆಕ್ಕದ ಮೇಲೆ ನಂಬಿಕೆಯಿಲ್ಲ, ಆದರೂ ಬೇರೆ ದಾರಿಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಇವರ ಯಂತ್ರದಲ್ಲಿ ಮರಿಗಳು ಇಳಿಜಾರಾದ ಒಂದು ಚಿಕ್ಕ ಕಾಲುವೆಯಲ್ಲಿ ನೀರಿನೊಂದಿಗೆ ಹರಿದು ಬರುತ್ತವೆ. ಕಾಲುವೆಯ ತಳ ಬೋರ್ಡ್ ಬರೆಯುವ ಅಂಗಡಿಯಿಂದ ತಂದ ಅಕ್ರಿಲಿಕ್ ಹಾಳೆ. ಮೇಲೆ ಎಲ್ಇಡಿ ಪ್ಯಾನೆಲ್, ಕೆಳಗೆ ಕ್ಯಾಮೆರಾ. ಬೆಳಕಿಗೆ ಅಡ್ಡ ಬಂದ ಮರಿ ನೆರಳಾಗಿ ಕಾಣುತ್ತದೆ, ಆ ನೆರಳನ್ನು ಪ್ರೋಗ್ರಾಮು ಎಣಿಸುತ್ತದೆ.

ಇಷ್ಟನ್ನೇ ಕ್ಲೇಮಿನಲ್ಲಿ, ಎಂದರೆ ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ಭಾಗದಲ್ಲಿ, ಬರೆದರೆ ಪೇಟೆಂಟ್ ಸಿಗುವುದಿಲ್ಲ, ಸಿಗಬಾರದು ಕೂಡ; ಇದರಲ್ಲಿ ಹೊಸದೇನೂ ಇಲ್ಲ. ಲೂಯಿ ಬೂತಾನ್ ಫ್ರಾನ್ಸಿನ ಬಾನ್ಯುಲ್ಸ್ ಕಡಲತೀರದಲ್ಲಿ ನೀರೊಳಗೆ ಫೋಟೋ ತೆಗೆದದ್ದು 1893ರಲ್ಲಿ. ಹರಿಯುವ ನೀರಿನಲ್ಲಿ ಒಂದೊಂದೇ ಸೂಕ್ಷ್ಮಜೀವಿಯ ಚಿತ್ರ ತೆಗೆಯುವ ಇಮೇಜಿಂಗ್ ಫ್ಲೋ ಸೈಟೋಬಾಟ್ ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು ವರ್ಷಗಳೇ ಕಳೆದಿವೆ. ತೆಳುವಾದ ಬೆಳಕಿನ ಹಾಳೆಯಿಂದ ಮೀನಿನ ಭ್ರೂಣವನ್ನು ಬೆಳಗುವ ಸೂಕ್ಷ್ಮದರ್ಶಕದ ಪ್ರಬಂಧ ಬಂದದ್ದು 2004ರಲ್ಲಿ. ಸಾಲ್ಮನ್ ಸಾಕುವ ದೇಶಗಳಲ್ಲಂತೂ ಕ್ಯಾಮೆರಾದಿಂದ ಮೀನೆಣಿಸುವ ಯಂತ್ರಗಳು ಅಂಗಡಿಯ ಸರಕಾಗಿವೆ. ಪರೀಕ್ಷಕರು ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಪೇಟೆಂಟುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಜೀವಂತ ಮೀನುಗಳನ್ನು ವಿಂಗಡಿಸುವ, ಎಣಿಸುವ ಸಾಧನಗಳಿಗೆ ಎ01ಕೆ 61/95 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ, ನೀರು ಸೋಕದ ಕ್ಯಾಮೆರಾ ಕವಚಕ್ಕೆ ಜಿ03ಬಿ 17/08 ಇದೆ. ಅರ್ಜಿ ಬರೆಯುವ ಮುನ್ನ ಆ ಎರಡು ಸಂಖ್ಯೆಗಳಡಿ ಒಂದು ಸಂಜೆ ಹುಡುಕಿದರೆ ಸಾಕು, ಅರ್ಧಕ್ಕರ್ಧ ಉತ್ಸಾಹ ತಾನಾಗಿ ಇಳಿಯುತ್ತದೆ. ಉಳಿದ ಅರ್ಧದಲ್ಲಿಯೇ ಆವಿಷ್ಕಾರ ಎಲ್ಲಿದೆ ಎಂದು ನೋಡಬೇಕು.

ಇವರ ಯಂತ್ರದಲ್ಲಿ ಅದು ಕೆಸರಿನಲ್ಲಿತ್ತು. ನಮ್ಮ ಎರೆಮಣ್ಣಿನ ಸಣ್ಣ ಕಣಗಳು ಮಳೆನೀರಿನಲ್ಲಿ ಒಮ್ಮೆ ಬೆರೆತರೆ ದಿನಗಟ್ಟಲೆ ತಳಕ್ಕೆ ಕೂರುವುದಿಲ್ಲ. ಅಂಥ ನೀರಿನಲ್ಲಿ ಕ್ಯಾಮೆರಾದ ಪಕ್ಕದಲ್ಲೇ ದೀಪವಿಟ್ಟರೆ, ಧೂಳೆದ್ದ ರಸ್ತೆಯಲ್ಲಿ ಲಾರಿಯ ಹೆಡ್‌ಲೈಟ್ ಹಾಕಿದಂತೆ, ಕಣಗಳೇ ಬೆಳಕನ್ನು ಹಿಂದಕ್ಕೆ ಚೆಲ್ಲಿ ಚಿತ್ರವೆಲ್ಲ ಬಿಳಿಚಿಕೊಳ್ಳುತ್ತದೆ. ದೀಪವನ್ನು ಎದುರಿಗಿಟ್ಟರೆ ತೊಂದರೆ ಕಡಿಮೆಯಾಗುತ್ತದೆ, ಆದರೆ ಬೆಳಕು ಹಾದುಬರುವ ನೀರಿನ ಪದರ ದಪ್ಪವಾದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. ಪದರವನ್ನು ತೆಳುವಾಗಿಸುತ್ತ ಹೋಗಲೂ ಮಿತಿಯಿದೆ, ಮರಿಯ ಬೆನ್ನು ಮುಳುಗುವಷ್ಟು ನೀರು ಇರಲೇಬೇಕು. ನೀರು ತಿಳಿಯಾಗುವವರೆಗೆ ಕಾಯಬಾರದೇ ಎಂದು ನಾನು ಕೇಳಿದಾಗ ಸಾಕಣೆದಾರರು, "ತಿಳಿ ಆಗೋತನ ಕಾಯ್ಕೋತ ಕುಂತ್ರ ಮರಿ ಉಳಿಯಂಗಿಲ್ರಿ ಸರ," ಎಂದರು. ಆಮ್ಲಜನಕ ತುಂಬಿದ ಚೀಲದಲ್ಲಿ ದೂರದಿಂದ ಬಂದ ಮರಿಗಳಿಗೆ ಅಷ್ಟು ಬಿಡುವಿರುವುದಿಲ್ಲ.

ಅದಕ್ಕೆ ಅವರು ಮಾಡಿದ ಉಪಾಯ ಹೀಗಿದೆ. ಎಲ್ಇಡಿ ಪ್ಯಾನೆಲ್ಲಿನ ಒಂದು ಅಂಚಿಗೆ ರೇಡಿಯಂ ಕಟಿಂಗ್ ಅಂಗಡಿಯಲ್ಲಿ ಕೊಯ್ಯಿಸಿದ ಸಣ್ಣ ಕಪ್ಪು ಪಟ್ಟಿಗಳನ್ನು ಸಮಾನ ಅಂತರದಲ್ಲಿ ಅಂಟಿಸಿದ್ದಾರೆ. ಪ್ರತಿ ಚಿತ್ರದ ಮೂಲೆಯಲ್ಲಿ ಆ ಪಟ್ಟಿಗಳು ನೀರಿನ ಪದರದ ಮೂಲಕವೇ ಕಾಣುತ್ತವೆ. ಕಪ್ಪು ಮತ್ತು ಬೆಳಕಿನ ನಡುವಿನ ವ್ಯತ್ಯಾಸ ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆಯಾದ ಕೂಡಲೇ ಕಾಲುವೆಯ ಕೊನೆಯಲ್ಲಿರುವ, ನೀರು ಮೇಲಿನಿಂದ ಹರಿದುಹೋಗುವ ಒಂದು ಚಿಕ್ಕ ಗೇಟನ್ನು ಮೋಟಾರು ಕೆಳಕ್ಕೆ ಇಳಿಸುತ್ತದೆ. ಗೇಟು ತಗ್ಗಿದಷ್ಟು ನೀರಿನ ಪದರ ತೆಳುವಾಗುತ್ತದೆ, ಪಟ್ಟಿಗಳು ಮತ್ತೆ ಸ್ಪಷ್ಟವಾಗುತ್ತವೆ; ಮರಿಯ ಗಾತ್ರಕ್ಕೆ ತಕ್ಕಂತೆ ಗೇಟಿಗೆ ಒಂದು ಕೆಳಮಿತಿಯೂ ಇದೆ. ಎಂದರೆ ಯಂತ್ರವು ಕೆಸರನ್ನು ತಾನೇ ಅಳೆದುಕೊಂಡು, ಪ್ರೋಗ್ರಾಮಿನ ಬದಲು ನೀರನ್ನೇ ಸರಿಪಡಿಸಿಕೊಳ್ಳುತ್ತದೆ. ಸಲ್ಲಿಸಿದ ಅರ್ಜಿಯ ಮೊದಲ ಕ್ಲೇಮಿನಲ್ಲಿ ಇದರ ಸುಳಿವೇ ಇರಲಿಲ್ಲ. ಪಟ್ಟಿಗಳ ವಿಷಯ ವಿವರಣೆಯ ಒಂದು ಪ್ಯಾರಾದಲ್ಲಿ, ಗೇಟಿನ ವಿಷಯ ಒಂದು ಚಿತ್ರದ ಕೆಳಗೆ ಇತ್ತು. ಆಗ ಕಡತ ನನ್ನ ಕೈಯಲ್ಲಿರಲಿಲ್ಲ. ಪರೀಕ್ಷಾ ವರದಿ ಬಂದ ಮೇಲೆ ಅದು ನನ್ನ ಬಳಿಗೆ ಬಂತು.

ಪರೀಕ್ಷೆಯ ವಿಧಿವಿಧಾನವನ್ನು ಚಿಕ್ಕದಾಗಿ ಹೇಳುವುದಾದರೆ, ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪ್ರಕಟವಾದ ಮಾತ್ರಕ್ಕೆ ಪರೀಕ್ಷೆ ಶುರುವಾಗುವುದಿಲ್ಲ, ಅದಕ್ಕೆ ನಮೂನೆ 18ರಲ್ಲಿ ಬೇರೆಯಾಗಿ ಕೋರಿಕೆ ಸಲ್ಲಿಸಬೇಕು. ಹಿಂದೆ ಇದಕ್ಕೆ 48 ತಿಂಗಳ ಅವಕಾಶವಿತ್ತು, ಮಾರ್ಚ್ 2024ರ ತಿದ್ದುಪಡಿಯ ನಂತರ ಸಲ್ಲಿಸಿದ ಅರ್ಜಿಗಳಿಗೆ 31 ತಿಂಗಳು ಮಾತ್ರ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕ ಶೇ 80ರಷ್ಟು ಇಳಿದಿದೆ. ಕಾಲೇಜುಗಳು ಅರ್ಜಿಗಳನ್ನು ರಾಶಿ ಹಾಕುತ್ತಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಎಫ್ಇಆರ್ ಎಂದೇ ಎಲ್ಲರೂ ಕರೆಯುವ ಮೊದಲ ಪರೀಕ್ಷಾ ವರದಿ ಹೊರಟ ದಿನದಿಂದ ಆರು ತಿಂಗಳೊಳಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಪೇಟೆಂಟ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅರ್ಜಿಯನ್ನು ಕೈಬಿಟ್ಟಂತೆ.

ವರದಿಯ ಆಕ್ಷೇಪಗಳು ನಿರೀಕ್ಷಿತವಾಗಿಯೇ ಇದ್ದವು, ಮತ್ತು ನನ್ನ ದೃಷ್ಟಿಯಲ್ಲಿ ಬಹುಪಾಲು ನ್ಯಾಯವಾಗಿಯೇ ಇದ್ದವು. ಡಿ1 ಎಂದು ಗುರುತಿಸಿದ ಹಿಂದಿನ ದಾಖಲೆಯಲ್ಲಿ ಮೀನೆಣಿಸುವ ಕಾಲುವೆ ಮತ್ತು ಕ್ಯಾಮೆರಾ ಇತ್ತು, ಡಿ2ರಲ್ಲಿ ಹಿಂಬದಿಯ ಬೆಳಕಿನಲ್ಲಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳಾದ ಪ್ಲವಕಗಳ ನೆರಳುಚಿತ್ರ ತೆಗೆಯುವ ವ್ಯವಸ್ಥೆ ಇತ್ತು. ಎರಡನ್ನೂ ಜೋಡಿಸುವುದು ಆ ಕಸುಬಿನಲ್ಲಿ ನುರಿತವರಿಗೆ ಸಹಜವಾಗಿ ಹೊಳೆಯುತ್ತದೆ ಎಂಬುದು ಮುಖ್ಯ ಆಕ್ಷೇಪ. ಅದರ ಜೊತೆಗೆ ಯಾವುದಕ್ಕೆ ಪೇಟೆಂಟ್ ಕೊಡುವಂತಿಲ್ಲ ಎಂದು ಹೇಳುವ ಸೆಕ್ಷನ್ 3ರ ಆಕ್ಷೇಪಗಳು: ತಿಳಿದ ಸಾಧನಗಳನ್ನು ಒಂದೆಡೆ ಸೇರಿಸಿದ್ದು ಮಾತ್ರ ಎಂದು ಸೆಕ್ಷನ್ 3(ಎಫ್), ಎಣಿಕೆಯ ಕ್ಲೇಮುಗಳು ಬರೀ ಅಲ್ಗಾರಿದಮ್ ಎಂದು ಸೆಕ್ಷನ್ 3(ಕೆ). ಮರಿಗಳ ಮೈಮೇಲಿನ ಚುಕ್ಕೆ ನೋಡಿ ರೋಗ ಪತ್ತೆ ಮಾಡುವ ವಿಧಾನಕ್ಕೂ ಒಂದು ಕ್ಲೇಮು ಸೇರಿಸಿದ್ದರಿಂದ ಪ್ರಾಣಿಗಳ ಚಿಕಿತ್ಸೆ, ರೋಗನಿದಾನಗಳಿಗೆ ಸಂಬಂಧಿಸಿದ 3(ಐ) ಕೂಡ ಬಂದಿತ್ತು.

ಸಹಜವಾಗಿ ಹೊಳೆಯುವುದೋ ಇಲ್ಲವೋ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಇಂದಿಗೂ ಎಲ್ಲರೂ ಎತ್ತಿಕೊಳ್ಳುವ ತೀರ್ಪು ಡಿಸೆಂಬರ್ 1978ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣದ್ದು. ಅದು ಮಿರ್ಜಾಪುರದ ಪಾತ್ರೆ ತಯಾರಿಕೆಯ ಜಗಳ. ಲೇತ್ ಯಂತ್ರದಲ್ಲಿ ಪಾತ್ರೆಯನ್ನು ಹಿಡಿದಿಡುವ ಸಾಧನಕ್ಕೆ ಪಡೆದಿದ್ದ ಪೇಟೆಂಟನ್ನು, ವರ್ಕ್‌ಶಾಪಿನಲ್ಲಿ ಯಾರಾದರೂ ಮಾಡಿಕೊಳ್ಳಬಹುದಾದ ಸುಧಾರಣೆಗಿಂತ ಹೆಚ್ಚಿನದೇನೂ ಅದರಲ್ಲಿಲ್ಲ ಎಂದು ಕೋರ್ಟ್ ರದ್ದುಗೊಳಿಸಿತು. ಬಿದರಿ ಕೆಲಸಗಾರರ ಲೇತ್‌ಗಳ ಸದ್ದು ಕೇಳುತ್ತ ಬೆಳೆದ ಅಧ್ಯಾಪಕರಿಗೆ ಈ ತೀರ್ಪು ಓದಿಸಿದ್ದು ಒಳ್ಳೆಯದೇ ಆಯಿತು. ತಮ್ಮ ಅಕ್ರಿಲಿಕ್ ಕಾಲುವೆಯನ್ನು ಅಲ್ಲಿಯವರೆಗೆ ಬಲವಾಗಿ ಸಮರ್ಥಿಸುತ್ತಿದ್ದವರು ಆಮೇಲೆ ಅದನ್ನು ಬಿಟ್ಟು ಗೇಟಿನ ಮಾತಿಗೆ ಬಂದರು.

ನಾವು ಮೊದಲ ಕ್ಲೇಮಿಗೆ ಪಟ್ಟಿಗಳನ್ನೂ ಗೇಟನ್ನೂ ಇವೆರಡರ ನಡುವಿನ ಸಂಬಂಧವನ್ನೂ ಸೇರಿಸಿದೆವು. ಸೆಕ್ಷನ್ 59ರ ಪ್ರಕಾರ ತಿದ್ದುಪಡಿಯಲ್ಲಿ ಹೊಸ ವಿಷಯ ತರುವಂತಿಲ್ಲ, ತಿದ್ದಿದ ಕ್ಲೇಮು ಹಳೆಯ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು. ಆ ಒಂದು ಪ್ಯಾರಾ ಮತ್ತು ಚಿತ್ರದ ಅಡಿಬರಹ ಮೂಲ ಅರ್ಜಿಯಲ್ಲಿ ಇರದಿದ್ದರೆ, ಯಂತ್ರ ಕಣ್ಣೆದುರು ಓಡುತ್ತಿದ್ದರೂ ನಾವು ಏನೂ ಮಾಡುವಂತಿರಲಿಲ್ಲ. ಉತ್ತರದಲ್ಲಿ ಪಟ್ಟಿಗಳು ಹೊಸವೆಂದು ನಾನು ವಾದಿಸಲಿಲ್ಲ. ನೀರಿನ ತಿಳಿತನ ಅಳೆಯಲು ಏಂಜೆಲೊ ಸೆಕ್ಕಿ ತಟ್ಟೆಯನ್ನು ನೀರಿಗಿಳಿಸಿದ್ದು 1865ರಲ್ಲಿ, ಮೀನುಗಾರಿಕೆ ಓದಿದ ಯಾರಿಗೂ ಆ ತಟ್ಟೆ ಗೊತ್ತು. ಅದನ್ನು ಪರೀಕ್ಷಕರೇ ಎತ್ತುವ ಮುನ್ನ ನಾವೇ ಹೇಳುವುದು ಲೇಸು. ವಾದವಿದ್ದದ್ದು ಬೇರೆ ಕಡೆ: ಡಿ1 ನೀರಿನ ಆಳವನ್ನು ಬದಲಿಸುವುದಿಲ್ಲ, ಡಿ2 ಸಣ್ಣ ಜೀವಿಗಳಿಗಾಗಿ ಗೊತ್ತಾದ ದಪ್ಪದ ಕೋಶವನ್ನೇ ಬಳಸುತ್ತದೆ. ಚಿತ್ರ ಮಸುಕಾದಾಗ ಕ್ಯಾಮೆರಾ ತಜ್ಞರು ಬೆಳಕು ಹೆಚ್ಚಿಸುತ್ತಾರೆ ಇಲ್ಲವೇ ಪ್ರೋಗ್ರಾಮು ತಿದ್ದುತ್ತಾರೆ, ಮೀನು ಸಾಕುವವರು ನೀರು ಬದಲಿಸುತ್ತಾರೆ. ಚಿತ್ರದ ಅಳತೆಯಿಂದಲೇ ನೀರಿನ ಪದರವನ್ನು ತೆಳುವಾಗಿಸಲು ಈ ದಾಖಲೆಗಳು ಯಾರನ್ನೂ ಪ್ರೇರೇಪಿಸುವುದಿಲ್ಲ. ಬೇರೆ ಬೇರೆ ಪ್ರಮಾಣದ ಕೆಸರಿನಲ್ಲಿ ಗೇಟು ಇದ್ದಾಗ, ಇಲ್ಲದಾಗ ಬಂದ ಎಣಿಕೆಗಳ ಹೋಲಿಕೆ ಮೂಲ ವಿವರಣೆಯಲ್ಲೇ ಇದ್ದದ್ದು ಇಲ್ಲಿ ನೆರವಿಗೆ ಬಂತು.

3(ಎಫ್) ಆಕ್ಷೇಪಕ್ಕೂ ಉತ್ತರ ಇದರಿಂದಲೇ ಹೊರಟಿತು. ಆ ಸೆಕ್ಷನ್ ಹೇಳುವುದು ಪರಸ್ಪರ ಸಂಬಂಧವಿಲ್ಲದೆ ತಂತಮ್ಮ ಪಾಡಿಗೆ ಕೆಲಸ ಮಾಡುವ ಸಾಧನಗಳ ಜೋಡಣೆಯನ್ನು. ಇಲ್ಲಿ ಪಟ್ಟಿಗಳ ಅಳತೆಯಿಲ್ಲದೆ ಗೇಟು ಅಲುಗುವುದಿಲ್ಲ. 3(ಕೆ) ಬಗ್ಗೆ ಹೆಚ್ಚು ಬರೆಯಬೇಕಾಗಲಿಲ್ಲ. ತಾಂತ್ರಿಕ ಪರಿಣಾಮ ಉಂಟುಮಾಡುವ ಆವಿಷ್ಕಾರವನ್ನು ಅದರಲ್ಲಿ ಪ್ರೋಗ್ರಾಮಿದೆ ಎಂಬ ಒಂದೇ ಕಾರಣಕ್ಕೆ ತಳ್ಳುವಂತಿಲ್ಲ ಎಂಬ ಮಾತು ದೆಹಲಿ ಹೈಕೋರ್ಟ್ ಡಿಸೆಂಬರ್ 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಗಟ್ಟಿಯಾಗಿದೆ, ಮತ್ತು ಮೋಟಾರು ಗೇಟನ್ನು ಇಳಿಸುವುದಕ್ಕಿಂತ ಕಣ್ಣಿಗೆ ಕಾಣುವ ಪರಿಣಾಮ ಇನ್ನಾವುದಿದೆ? ಎಐ ಎಂಬ ಎರಡಕ್ಷರ ಶೀರ್ಷಿಕೆಯಲ್ಲಿದ್ದರೆ ಅರ್ಜಿಗೆ ತೂಕ ಬರುತ್ತದೆ ಎಂದು ನಂಬಿರುವ ಕಾಲೇಜಿನವರು ಈ ಆಕ್ಷೇಪವನ್ನು ತಾವಾಗಿ ಮೈಮೇಲೆ ಎಳೆದುಕೊಳ್ಳುತ್ತಾರೆ.

ವರದಿಯಲ್ಲಿ ಇಲ್ಲದ, ಆದರೆ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇನ್ನೊಂದಿತ್ತು. ಅರ್ಜಿ ಹಾಕುವ ಮೊದಲೇ ಇವರು ಯಂತ್ರವನ್ನು ಜಲಾಶಯದ ದಂಡೆಯಲ್ಲಿ ಮೀನುಗಾರರ ಸಂಘದವರ ಎದುರಿಗೇ ಓಡಿಸಿದ್ದರು. ಹಾಗೆ ಬಹಿರಂಗವಾಗಿ ಬಳಸಿದರೆ ಹೊಸತನ ಹೋಗುತ್ತದೆಂಬುದು ಸಾಮಾನ್ಯ ನಿಯಮ. ಸೆಕ್ಷನ್ 32 ಮಾತ್ರ ಒಂದು ಸಣ್ಣ ಬಾಗಿಲು ತೆರೆದಿಟ್ಟಿದೆ: ಆದ್ಯತಾ ದಿನಾಂಕದ (ಮೊದಲು ಅರ್ಜಿ ಸಲ್ಲಿಸಿದ ದಿನದ) ಹಿಂದಿನ ಒಂದು ವರ್ಷದೊಳಗೆ, ತಕ್ಕಮಟ್ಟಿನ ಪ್ರಯೋಗಕ್ಕಷ್ಟೇ, ಮತ್ತು ಆವಿಷ್ಕಾರದ ಸ್ವರೂಪವೇ ಅಂಥದ್ದಾಗಿ ಬಯಲಿನಲ್ಲಿಯೇ ಪ್ರಯೋಗಿಸಬೇಕಾಗಿ ಬಂದಿದ್ದರೆ ಅದು ಅಡ್ಡಿಯಾಗದು. ಕಾರಂಜಾದ ಮಳೆಗಾಲದ ನೀರನ್ನು ಲ್ಯಾಬಿಗೆ ತಂದಿಟ್ಟರೆ ಅದು ಅದೇ ನೀರಾಗಿ ಉಳಿಯುವುದಿಲ್ಲವೆಂಬುದು ಇಲ್ಲಿ ಒಳ್ಳೆಯ ಕಾರಣ. ಕಾಲೇಜಿನ ಟೆಕ್ನಿಕಲ್ ಫೆಸ್ಟಿನಲ್ಲಿ ಪ್ರದರ್ಶಿಸುವುದಕ್ಕೆ ಈ ರಕ್ಷಣೆಯಿಲ್ಲ. ಪ್ರದರ್ಶನಗಳಿಗೆ ಸಂಬಂಧಿಸಿದ ಸೆಕ್ಷನ್ 31 ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗಷ್ಟೇ ಅನ್ವಯಿಸುತ್ತದೆ, ಬಹುಮಾನದ ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ನನ್ನ ಬಳಿ ಬರುವವರಿಗೆ ಇದನ್ನು ಹೇಳುವುದು ಯಾವಾಗಲೂ ಬೇಸರದ ಕೆಲಸ.

ವಿಚಾರಣೆ ವಿಡಿಯೊ ಮೂಲಕ ನಡೆಯಿತು, ಬೀದರಿನಿಂದ ಚೆನ್ನೈಗೆ ರೈಲು ಹತ್ತುವ ಪ್ರಮೇಯ ಬರಲಿಲ್ಲ. ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿಯಾದ ನಿಯಂತ್ರಕರು ಕೇಳಿದ ಪ್ರಶ್ನೆಗಳೆಲ್ಲ ಗೇಟಿನ ಕೆಳಮಿತಿಯ ಸುತ್ತಲೇ ಇದ್ದವು: ಮರಿಯ ಗಾತ್ರವನ್ನು ಯಂತ್ರಕ್ಕೆ ಮೊದಲೇ ಹೇಳಬೇಕೇ, ಅದೇ ಅಳೆದುಕೊಳ್ಳುತ್ತದೆಯೇ? ಕ್ಲೇಮಿನಲ್ಲಿ ಅದು ಅಸ್ಪಷ್ಟವಾಗಿದ್ದುದು ನಿಜ. ವಿಚಾರಣೆಯ ನಂತರದ 15 ದಿನಗಳೊಳಗೆ ಲಿಖಿತ ವಾದದ ಜೊತೆಗೆ ಆ ಸಾಲನ್ನು ಸ್ಪಷ್ಟಪಡಿಸಿ ಕಳುಹಿಸಿದ್ದೇವೆ. ರೋಗ ಪತ್ತೆಯ ವಿಧಾನದ ಕ್ಲೇಮನ್ನು ಕೈಬಿಟ್ಟಿದ್ದೇವೆ. ಚುಕ್ಕೆ ಗುರುತಿಸುವ ಬಣ್ಣದ ದೀಪಗಳ ವ್ಯವಸ್ಥೆಯನ್ನು, ವಿಧಾನವಾಗಿ ಅಲ್ಲದೆ ಸಾಧನವಾಗಿ, ಸೆಕ್ಷನ್ 16ರಡಿ ಮೂಲ ಅರ್ಜಿಯಿಂದ ಬೇರ್ಪಡಿಸಿ ಹಾಕುವ ವಿಭಜಿತ ಅರ್ಜಿಯಲ್ಲಿ ತರಬಹುದೇ ಎಂದು ಅಧ್ಯಾಪಕರು ಕೇಳಿದ್ದಾರೆ. ಮೂಲ ಅರ್ಜಿಗೆ ಪೇಟೆಂಟ್ ಮಂಜೂರಾಗುವ ಮುನ್ನವೇ ಅದನ್ನು ಸಲ್ಲಿಸಬೇಕಾದ್ದರಿಂದ ಕರಡು ಈ ವಾರ ಶುರುವಾಗಿದೆ. ಈ ಸಲ ಮೊದಲ ನಾಲ್ಕು ಪುಟಗಳು ನೀರಿನ ಬಗ್ಗೆಯೇ ಇವೆ.