ಹಲ್ಲಿನ ಮೇಲಿನ ಬಿಳಿ ಮಚ್ಚೆ

ಮಗಳ ಮುಂದಿನ ಹಲ್ಲಿನಲ್ಲಿ, ಒಸಡಿನ ಅಂಚಿಗೇ, ಸೀಮೆಸುಣ್ಣ ತಾಗಿದಂಥ ಬಿಳಿ ಮಚ್ಚೆ. ಹಲ್ಲು ಒದ್ದೆಯಿದ್ದಾಗ ಕಾಣುತ್ತಲೇ ಇರಲಿಲ್ಲ. ಡಾಕ್ಟರ್ ಗಾಳಿ ಊದಿ ಒಣಗಿಸಿದ ಕೂಡಲೇ ಎದ್ದು ಕಂಡಿತು. ಹುಳುಕಿನ ಶುರು ಅದು. ಆದರೂ ಕೊರೆಯುವುದು ಬೇಡ, ಸದ್ಯಕ್ಕೆ ಫ್ಲೋರೈಡ್ ಪೇಸ್ಟಿನಲ್ಲಿ ಸರಿಯಾಗಿ ಉಜ್ಜಿಸಿ, ನೋಡೋಣ ಅಂದರು.

ನನಗೆ ಆಶ್ಚರ್ಯ. ಹಾಳಾದ ಹಲ್ಲು ಮತ್ತೆ ಸರಿಹೋಗುತ್ತದೆಯೇ? ಈ ಹಂತದಲ್ಲಿ ಹೋಗುತ್ತದೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಆಮ್ಲ ತಗ್ಗಿದ ಮೇಲೆ ಜೊಲ್ಲಿನಲ್ಲಿರುವ ಅದೇ ಖನಿಜಗಳು ಬಂದು ಕೂರುತ್ತವೆ. ಫ್ಲೋರೈಡ್ ಇದನ್ನು ಚುರುಕು ಮಾಡುತ್ತದೆ. ಹೊಸ ಪದರದೊಳಗೆ ತಾನೂ ಸೇರಿಕೊಳ್ಳುತ್ತದೆ. ಹಾಗಾಗಿ ಆ ಜಾಗ ಮೊದಲಿಗಿಂತ ಜಾಸ್ತಿ ಆಮ್ಲ ತಡೆದುಕೊಳ್ಳುತ್ತದೆ. ಜೊಲ್ಲಿಗೆ ಇಷ್ಟೊಂದು ಕೆಲಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ!

ಗುಳಿ ಬಿದ್ದ ಮೇಲೆ ಮಾತ್ರ ಪೇಸ್ಟಿನ ಕೈಯಲ್ಲಿ ಏನೂ ಆಗದು. ಆಗ ಫಿಲ್ಲಿಂಗೇ ಬೇಕು.

ಪೇಸ್ಟ್ ಟ್ಯೂಬಿನ ಹಿಂದೆ ಒಮ್ಮೆ ನೋಡಿ. ಫ್ಲೋರೈಡ್ 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ) ಇದ್ದರೆ ಒಳ್ಳೆಯದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ನೊರೆ ಉಗಿದುಬಿಡಿ, ಆದರೆ ಗಳಗಳ ಅಂತ ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಸುಮ್ನೆ ತೊಳೆದುಹೋಗುತ್ತದೆ, ಅಲ್ವಾ? ರಾತ್ರಿಯ ಉಜ್ಜುವಿಕೆಯನ್ನಂತೂ ತಪ್ಪಿಸಲೇಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲಿಗೆ ಕಾವಲೂ ಕಡಿಮೆ.