ಅರ್ಧ ಇಂಚಿನ ಅಂತರ

ಈ ಭಾನುವಾರವನ್ನು ಡೆಟ್ರಾಯಿಟ್ ಸಮೀಪದ ನಮ್ಮ ಗ್ಯಾರೇಜಿನಲ್ಲಿ, 1967ರ ಕ್ಯಾಮರೊ ಕಾರಿಗೆ ಟ್ರ್ಯಾಕ್ಷನ್ ಬಾರ್, ಅಂದರೆ ಹಿಂಬದಿಯ ಸ್ಪ್ರಿಂಗು ಡೊಂಕಾಗದಂತೆ ತಡೆಯುವ ಸರಳು, ಜೋಡಿಸುತ್ತ ಕಳೆದೆ. ಆ ವರ್ಷದ ಕ್ಯಾಮರೊಗೆ ಹಿಂಬದಿಯ ಎರಡೂ ಕಡೆ ಒಂದೊಂದೇ ಪಟ್ಟಿಯ ಲೀಫ್ ಸ್ಪ್ರಿಂಗ್, ಅಂದರೆ ಕಾರಿನ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ. ಆಕ್ಸಿಲರೇಟರನ್ನು ಜೋರಾಗಿ ತುಳಿದಾಗ ಚಕ್ರ ಮುಂದಕ್ಕೆ ಉರುಳಿದರೆ, ಆಕ್ಸಲ್ಲಿನ (ಚಕ್ರಗಳ ಅಚ್ಚಿನ) ಕವಚ ಅದಕ್ಕೆ ಎದುರಾಗಿ ತಿರುಗಲು ಹವಣಿಸುತ್ತದೆ. ಕವಚದ ಮುಂಭಾಗದಲ್ಲಿ ಅಚ್ಚನ್ನು ತಿರುಗಿಸುವ ಹಲ್ಲುಗಾಲಿಯಾದ ಪಿನಿಯನ್ನಿನ ಮೂತಿ ಮೇಲೇಳುತ್ತದೆ, ಪಟ್ಟಿ ಹಾವಿನಂತೆ ಡೊಂಕಾಗಿ ಮರುಕ್ಷಣವೇ ಚಿಮ್ಮುತ್ತದೆ, ಚಕ್ರ ನೆಲ ಕಚ್ಚದೆ ಕುಣಿಯುತ್ತದೆ.

ಆಕ್ಸಲ್ಲಿನ ಅಡಿಯಲ್ಲಿ ಯು-ಬೋಲ್ಟಿನಿಂದ ಬಿಗಿದ ಬಾರ್, ತನ್ನ ಮುಂದಿನ ತುದಿಯ ರಬ್ಬರ್ ಗುಂಡಿಯನ್ನು ಸ್ಪ್ರಿಂಗಿನ ಮುಂಗಣ್ಣಿಗೆ (ಅದು ಕಾರಿನ ಒಡಲಿಗೆ ಸೇರುವ ಮುಂದಿನ ಬಳೆಗೆ) ಒತ್ತಿ ಈ ಡೊಂಕನ್ನು ತಡೆಯುತ್ತದೆ. ರಬ್ಬರ್ ಕಣ್ಣಿನ ನೇರ ಕೆಳಗೇ ಇರಬೇಕು. ಹಿಂದೆ ಸರಿದು ಪಟ್ಟಿಗೆ ತಾಗಿದರೆ ಪಟ್ಟಿಯೇ ಬಾಗುತ್ತದೆ. ಆಕ್ಸಲ್ ಜೋಲು ಬಿದ್ದಿದ್ದಾಗ, ಕಾರು ಇನ್ನೂ ಜಾಕಿನ ಮೇಲಿದ್ದಾಗಲೇ ನಾನು ತೆಗೆದ ಮೊದಲ ಅಳತೆ ಪೂರ್ತಿ ತಪ್ಪಾಗಿತ್ತು. ಚಕ್ರಗಳ ಮೇಲೆ ಇಳಿಸಿ, ಹಿಂಭಾಗವನ್ನು ನಾಲ್ಕೈದು ಸಲ ಅದುಮಿ ಮತ್ತೆ ಅಳೆದು, ಎಡಬದಿಯಲ್ಲಿ ರಬ್ಬರಿಗೂ ಕಣ್ಣಿಗೂ ನಡುವೆ ಅರ್ಧ ಇಂಚು ಅಂತರ ಉಳಿಸಿದೆ. ಎಂಜಿನ್ನಿನ ಶಕ್ತಿಯನ್ನು ಹಿಂಬದಿಗೆ ಒಯ್ಯುವ ಡ್ರೈವ್‌ಶಾಫ್ಟಿನ ತಿರುಚು ಬಲದಿಂದ ಬಲಚಕ್ರ ಹಗುರಾಗುವುದರಿಂದ, ಆ ಬದಿಯ ಅಂತರವನ್ನು ವಾಷರುಗಳನ್ನಿಟ್ಟು ಕಾಲು ಇಂಚಿಗೆ ಇಳಿಸಿದೆ.

ಅಂತರವೇ ಬೇಡವೆಂದು ಪೂರ್ತಿ ಒತ್ತಿಬಿಟ್ಟಿದ್ದರೆ ಹಳ್ಳದಿಣ್ಣೆಗಳಲ್ಲಿ ಸ್ಪ್ರಿಂಗು ತನ್ನ ಕೆಲಸವನ್ನೇ ಮಾಡಲಾಗುತ್ತಿರಲಿಲ್ಲ. ಬಿಗಿಯುವುದನ್ನಷ್ಟೇ ದುರಸ್ತಿ ಎಂದುಕೊಂಡಿದ್ದ ನನಗೆ, ಬಿಡಬೇಕಾದ ಜಾಗವನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕೆಂಬುದು ಆಗ ಮನಸ್ಸಿಗೆ ಬಂತು.

ರಬ್ಬರಿಗೆ ಸೀಮೆಸುಣ್ಣ ಬಳಿದು, ಖಾಲಿ ಜಾಗದಲ್ಲಿ ಒಮ್ಮೆ ಜೋರಾಗಿ ಹೊರಡಿಸಿ ಬಂದು ಕಾರಿನಡಿ ಮಲಗಿ ನೋಡಿದೆ: ಎರಡೂ ಕಣ್ಣುಗಳ ಕೆಳಗೆ ನಾಣ್ಯದಗಲದ ಬಿಳಿ ಗುರುತು ಮೂಡಿತ್ತು.