ಪಿಎಚ್‌ಡಿ ಮಾಡಿದರೆ ಕೆಲಸ ಸಿಗುತ್ತಾ?

ಎಂಎ ಸಮಾಜಶಾಸ್ತ್ರ ಮುಗಿಸಿದವರು ಫೋನ್ ಮಾಡಿ ಕೇಳುವುದು ಇದೊಂದನ್ನೇ: "ಮೇಡಂ, ಪಿಎಚ್‌ಡಿ ಮಾಡಿದರೆ ಕೆಲಸ ಸಿಗುತ್ತಾ?" ನಾನು ತಿರುಗಿ ಕೇಳುತ್ತೇನೆ, "ಜೆಆರ್‌ಎಫ್ ಆಗಿದೆಯಾ?" ಅಂದರೆ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಸೇರಿದವರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್.

ಮೊದಲೇ ದುಡ್ಡಿನ ಮಾತು ಎತ್ತಿದರೆ ಕೆಲವರಿಗೆ ಬೇಜಾರು. ಆದರೆ ಇದು ಐದಾರು ವರ್ಷದ ಕೆಲಸ. ಜೆಆರ್‌ಎಫ್ ಇದ್ದರೆ ಈಗ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದ ಮೇಲೆ 42,000. ಅದೂ ಒಂದನೇ ತಾರೀಕಿಗೆ ಬಂದು ಬೀಳುತ್ತೆ ಅಂದುಕೊಳ್ಳಬೇಡಿ. ನನಗೆ ಒಮ್ಮೆ ಏಳು ತಿಂಗಳು ಬರಲೇ ಇಲ್ಲ. ಮೆಸ್ ಬಿಲ್ಲು ಅಣ್ಣ ಕಟ್ಟಿದ.

ಇನ್ನು ಕೆಲಸ. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಬೇಕೇ ಬೇಕು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ನಿಯಮ ಮಾಡಿತು. ನಾವೆಲ್ಲ ಎದ್ದೂ ಬಿದ್ದೂ ಪಿಎಚ್‌ಡಿಗೆ ಸೇರಿಕೊಂಡೆವು. 2021ರಲ್ಲಿ ಅದನ್ನು ಮುಂದೂಡಿದರು. 2023ರ ಜುಲೈನಲ್ಲಿ ಕೈಬಿಟ್ಟೇಬಿಟ್ಟರು, ನೆಟ್ ಅಥವಾ ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕಂತೆ! ಹಾಗಾಗಿ ಡಿಗ್ರಿ ಕೈಗೆ ಬಂದರೂ ನಾನು ಇವತ್ತಿಗೂ ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ ಅದೇ ಮನೆಗೆ ಬರುವ ಅತಿಥಿ ಎಲ್ಲಾದರೂ ಉಂಟಾ?

ಹಾಗಾದರೆ ಬೇಡ ಅಂತೀರಾ ಅಂದರೆ, ಅದೂ ಬಾಯಿಗೆ ಬರಲ್ಲ. ಕೆಲಸಕ್ಕಾಗಿ ಆದರೆ ಬೇಡ. ತಲೆಯಲ್ಲಿ ಒಂದು ಪ್ರಶ್ನೆ ಕೊರೀತಾ ಇದ್ದರೆ ಮಾಡಿ.

ನನಗೆ ಕೊರೆಯುತ್ತಿದ್ದದ್ದು ಊರು ಬಿಟ್ಟು ಬೆಂಗಳೂರಿಗೆ ದುಡಿಯಲು ಹೋದ ಹೆಂಗಸರ ವಿಷಯ. ಕೈಯಲ್ಲಿದ್ದದ್ದು 2011ರ ಜನಗಣತಿ. 2021ರದ್ದು ನಡೆಯಲೇ ಇಲ್ಲವಲ್ಲ. ಆ ಅಂಕಿಅಂಶ ಹಿಡಿದು ಹಳ್ಳಿಗೆ ಹೋದರೆ ಲೆಕ್ಕ ಎಲ್ಲೂ ತಾಳೆಯಾಗುತ್ತಿರಲಿಲ್ಲ. ಅರ್ಧ ಬೀದಿಗೆ ಬೀಗ. ಕೊನೆಗೆ ಸುಮ್ನೆ ನೋಟ್‌ಬುಕ್ ಹಿಡಿದು ಮನೆಮನೆ ನಾನೇ ಎಣಿಸಿದೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಹಬ್ಬಕ್ಕೆ ಮಾತ್ರ ಬರುತ್ತಾರೆ, ರೇಷನ್ ಕಾರ್ಡಿನಲ್ಲಿ ಮಾತ್ರ ಇರುವವರು ಯಾರು. ಅಷ್ಟು ಖುಷಿ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಒಂದು ಜಗಲಿಯಲ್ಲಿ ಅಜ್ಜಿಯೊಬ್ಬರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಎರಡು ಗಂಟೆ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಆಮೇಲೆ ಅವರದೂ ಒಂದು ಪ್ರಶ್ನೆ: "ಇಷ್ಟೆಲ್ಲಾ ಬರ್ಕೊಂಡ್ಯಲ್ಲ ಮಗಾ, ನಿಂಗೆ ಸಂಬಳ ಬಂತಾ?"

ಆ ಏಳು ತಿಂಗಳಲ್ಲಿ ಅದು ಐದನೆಯದು. ಇನ್ನೂ ಇಲ್ಲ ಅಜ್ಜಿ ಅಂದೆ.

ಎರಡು ಮುಷ್ಟಿ ಹುಣಸೆಹಣ್ಣು ಪೇಪರಿನಲ್ಲಿ ಕಟ್ಟಿಕೊಟ್ಟು, "ಸಾರಿಗಾದರೂ ಆಗುತ್ತೆ, ತಗೊಂಡ್ ಹೋಗು" ಅಂದರು.